ಓವರ್‌ಹಂಗ್ ಐ.ಡಿ. ಫ್ಯಾನ್ ಬ್ಯಾಲೆನ್ಸಿಂಗ್: ಕಪ್ಲಿಂಗ್ ಕಡೆ ಬೇರಿಂಗನ್ನೂ ನೋಡಿ

ಗಂಗಾವತಿ–ಸಿಂಧನೂರು ಪಟ್ಟಿಯ ಅಕ್ಕಿ ಗಿರಣಿಯೊಂದರ ಬಾಯ್ಲರ್ ಐ.ಡಿ. ಫ್ಯಾನಿನ, ಅಂದರೆ ಬಾಯ್ಲರಿನ ಹೊಗೆಯನ್ನು ಎಳೆದು ಚಿಮಣಿಗೆ ಕಳಿಸುವ ಫ್ಯಾನಿನ ಬ್ಯಾಲೆನ್ಸಿಂಗ್ ಕೆಲಸ ಇದು. ಫ್ಯಾನ್ ಓವರ್‌ಹಂಗ್ ಜಾತಿಯದು, ಅಂದರೆ ಇಂಪೆಲ್ಲರ್ (ಬ್ಲೇಡ್‌ಗಳಿರುವ ಚಕ್ರ) ಎರಡು ಬೇರಿಂಗ್‌ಗಳ ನಡುವೆ ಇರದೆ ಶಾಫ್ಟಿನ ತುದಿಯಲ್ಲಿ ಹೊರಚಾಚಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಭಾಗದಲ್ಲಿ ಭತ್ತ ಕುದಿಸುವ ಗಿರಣಿಗಳು ಹೆಚ್ಚಾಗಿ ಭತ್ತದ ಹೊಟ್ಟನ್ನೇ ಉರಿಸುತ್ತವೆ. ಹೊಟ್ಟಿನ ತೂಕದಲ್ಲಿ ಐದನೇ ಒಂದು ಪಾಲು ಬೂದಿಯಾಗುತ್ತದೆ, ಆ ಬೂದಿಯ ಬಹುಪಾಲು ಸಿಲಿಕಾ. ಒಂದು ಕಡೆ ಬ್ಲೇಡನ್ನು ಮರಳು ಕಾಗದದ ಹಾಗೆ ಸವೆಸುತ್ತದೆ, ಇನ್ನೊಂದು ಕಡೆ ಬ್ಲೇಡಿನ ಬೆನ್ನಿಗೆ ಪದರ ಪದರವಾಗಿ ಅಂಟುತ್ತದೆ. ಹೊಟ್ಟಿನ ಬಾಯ್ಲರಿನ ಐ.ಡಿ. ಫ್ಯಾನ್ ಬ್ಯಾಲೆನ್ಸ್ ತಪ್ಪುವುದು ಹೊಸ ಸಂಗತಿಯಲ್ಲ. ಹಿಂದಿನ ಆರು ತಿಂಗಳಲ್ಲಿ ಇಂಪೆಲ್ಲರ್ ಕಡೆಯ ಬೇರಿಂಗ್ ಎರಡು ಸಲ ಬದಲಾದರೂ ಕಂಪನ ಇಳಿಯದಿದ್ದುದರಿಂದ ಈ ಕೆಲಸ ಕೈಗೆತ್ತಿಕೊಳ್ಳಬೇಕಾಯಿತು.

ಫ್ಯಾನಿನ ವಿವರ: ಇಂಪೆಲ್ಲರ್ ವ್ಯಾಸ 900 ಮಿ.ಮೀ., ಅಗಲ 240 ಮಿ.ಮೀ., ಹಿಂದಕ್ಕೆ ಬಾಗಿದ 10 ಬ್ಲೇಡ್. ಮೋಟಾರ್ 37 ಕಿಲೋವ್ಯಾಟ್, 4 ಪೋಲ್, 67 ಆಂಪಿಯರ್, ಪಿನ್-ಬುಷ್ ಕಪ್ಲಿಂಗ್ (ಮೋಟಾರ್, ಫ್ಯಾನ್ ಶಾಫ್ಟ್‌ಗಳನ್ನು ಸೇರಿಸುವ ಕೊಂಡಿ) ಮೂಲಕ ನೇರ ಜೋಡಣೆ, ವೇಗ ಬದಲಿಸುವ ವಿ.ಎಫ್.ಡಿ. ಇದೆ. ವೇಗ 1480 ಆರ್‌ಪಿಎಂ. ಶಾಫ್ಟ್ 80 ಮಿ.ಮೀ., ಎರಡೂ ಕಡೆ 518 ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಕೂರುವ ಮನೆ), ಒಳಗೆ 22218 ಕೆ ಬೇರಿಂಗ್, ಎಚ್ 318 ಸ್ಲೀವ್. ಎರಡು ಬೇರಿಂಗ್‌ಗಳ ನಡುವೆ 600 ಮಿ.ಮೀ. ಇಂಪೆಲ್ಲರಿನ ನಡುಮಧ್ಯ ಹತ್ತಿರದ ಬೇರಿಂಗಿನಿಂದ 350 ಮಿ.ಮೀ. ಹೊರಗೆ. ಇಂಪೆಲ್ಲರ್, ಶಾಫ್ಟ್ ಸೇರಿ ಸುಮಾರು 180 ಕೆ.ಜಿ.

ಕೆಳಗೆ ಬೇರಿಂಗ್ 1 ಎಂದರೆ ಇಂಪೆಲ್ಲರ್ ಕಡೆಯದು, ಬೇರಿಂಗ್ 2 ಎಂದರೆ ಕಪ್ಲಿಂಗ್ ಕಡೆಯದು. ಕಂಪನದ ಅಂಕಿಗಳೆಲ್ಲ ಮಿ.ಮೀ./ಸೆಕೆಂಡ್, ಆರ್‌ಎಂಎಸ್ (ಒಂದು ಬಗೆಯ ಸರಾಸರಿ). ಆಕ್ಸಿಯಲ್ ಎಂದರೆ ಶಾಫ್ಟಿನ ಉದ್ದದ ದಿಕ್ಕಿಗೆ.

ಓವರ್‌ಹಂಗ್ ಫ್ಯಾನಿನ ಪೇಚು ಆ 350 ಮತ್ತು 600ರಲ್ಲಿದೆ. ಇಂಪೆಲ್ಲರಿನಲ್ಲಿ 100 ಕೆ.ಜಿ. ಎಳೆತ ಹುಟ್ಟಿದರೆ ಬೇರಿಂಗ್ 1ರ ಮೇಲೆ 158 ಕೆ.ಜಿ., ಬೇರಿಂಗ್ 2ರ ಮೇಲೆ ಎದುರು ದಿಕ್ಕಿನಲ್ಲಿ 58 ಕೆ.ಜಿ. ಬೀಳುತ್ತದೆ. ಅದಕ್ಕೇ ಎಲ್ಲರ ಕಣ್ಣೂ ಬೇರಿಂಗ್ 1ರ ಮೇಲೆ. ಅದೊಂದನ್ನು ಶಾಂತಗೊಳಿಸಿ ಬಾಗಿಲು ಮುಚ್ಚಿದರೆ ಅರ್ಧ ಕೆಲಸವಷ್ಟೇ ಆಗಿರುತ್ತದೆ.

ಹಂತ 1: ಶನಿವಾರ ಸಂಜೆ, ಇದ್ದ ಸ್ಥಿತಿಯಲ್ಲೇ ಅಳತೆ

ನಿಲ್ಲಿಸುವ ಮೊದಲೇ, ಬಿಸಿಯಾಗಿ ಪೂರ್ತಿ ಲೋಡಿನಲ್ಲಿ ಓಡುತ್ತಿದ್ದಾಗ ತೆಗೆದ ಅಂಕಿ:

ಬೇರಿಂಗ್ 1: ಅಡ್ಡ 13.8, ಲಂಬ 6.9, ಆಕ್ಸಿಯಲ್ 7.4
ಬೇರಿಂಗ್ 2: ಅಡ್ಡ 6.2, ಲಂಬ 3.1, ಆಕ್ಸಿಯಲ್ 6.8

ಫ್ಯಾನ್‌ಗಳ ಬ್ಯಾಲೆನ್ಸ್, ಕಂಪನದ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 14694ರ ಪ್ರಕಾರ ಇದು ಬಿವಿ-3 ವರ್ಗದ ಫ್ಯಾನ್. ಕಾಂಕ್ರೀಟಿನ ಮೇಲೆ ಗಟ್ಟಿಯಾಗಿ ಕೂತ ಫ್ಯಾನಿಗೆ ಹೊಸದಾಗಿ ಶುರು ಮಾಡುವಾಗ 4.5, ಎಚ್ಚರಿಕೆಗೆ 7.1, ನಿಲ್ಲಿಸುವುದಕ್ಕೆ 9.0 ಮಿತಿ. 13.8ರಲ್ಲಿ ಓಡಿಸುತ್ತಲೇ ಇರಬಾರದಿತ್ತು.

ಎರಡು ಚಾನೆಲ್ ಅನಾಲೈಜರ್ ಬಾಡಿಗೆಗೆ ತಂದಿದ್ದು. ಮ್ಯಾಗ್ನೆಟ್ ಸೆನ್ಸರ್ ಕೂರುವ ಜಾಗದ ಬಣ್ಣ ಕೆರೆದು, ಸುತ್ತ ಮಾರ್ಕರ್‌ನಿಂದ ಗುರುತು ಹಾಕಬೇಕು. ಸೆನ್ಸರ್ ಎರಡು ಬೆರಳು ಸರಿದರೂ ಓದುವಿಕೆ ಬದಲಾಗುತ್ತದೆ, ಆಮೇಲಿನ ಲೆಕ್ಕವೆಲ್ಲ ಹಾಳು. ಶಾಫ್ಟಿಗೆ ಹೊಳೆಯುವ ಟೇಪಿನ ತುಂಡು, ಎದುರಿಗೆ ಸ್ಟ್ಯಾಂಡಿನ ಮೇಲೆ ಸುತ್ತು ಎಣಿಸುವ ಲೇಸರ್ ಟ್ಯಾಕೋ. ಆ ಸ್ಟ್ಯಾಂಡ್ ಫ್ಯಾನಿನ ಫ್ರೇಮಿಗೆ ತಾಗಬಾರದು.

ಫೇಸ್, ಅಂದರೆ ಟೇಪಿನ ಗುರುತಿಗೆ ಹೋಲಿಸಿ ಕಂಪನದ ಏರು ಬರುವ ಕೋನ, ನೋಡಿದಾಗ ಬೇರಿಂಗ್ 1ರ ಅಡ್ಡಕ್ಕೂ ಲಂಬಕ್ಕೂ 82 ಡಿಗ್ರಿ ಅಂತರ. 90ರ ಆಸುಪಾಸು ಇದ್ದರೆ ಬ್ಯಾಲೆನ್ಸ್ ದೋಷದ ಲಕ್ಷಣ. ಎರಡೂ ಬೇರಿಂಗ್‌ಗಳ ಆಕ್ಸಿಯಲ್ ಫೇಸಿನಲ್ಲಿ ಬರೀ 15 ಡಿಗ್ರಿ ವ್ಯತ್ಯಾಸ, ಅಂದರೆ ಎರಡೂ ಒಟ್ಟಿಗೆ ಹಿಂದೆ ಮುಂದೆ ಆಡುತ್ತಿವೆ. ಓವರ್‌ಹಂಗ್ ಇಂಪೆಲ್ಲರಿನ ಅಸಮತೋಲನ ಕಾಣುವುದು ಹೀಗೆ. ಅದು 180ರ ಹತ್ತಿರ ಬಂದಿದ್ದರೆ ಬಾಗಿದ ಶಾಫ್ಟ್ ಅಥವಾ ಅಲೈನ್‌ಮೆಂಟ್ ಹುಡುಕಬೇಕಾಗುತ್ತಿತ್ತು. ಸ್ಪೆಕ್ಟ್ರಮ್‌ನಲ್ಲಿ (ಕಂಪನವನ್ನು ಆವರ್ತನಗಳಾಗಿ ಬಿಡಿಸಿದ ಚಿತ್ರ) ದೊಡ್ಡ ಕಂಬ ಓಟದ ವೇಗದಲ್ಲೇ, ಅಂದರೆ 1×ನಲ್ಲಿ. ಆದರೆ 2×, 3×, 4×ನಲ್ಲೂ ಚಿಕ್ಕ ಕಂಬಗಳಿದ್ದವು. ಎಲ್ಲೋ ಸಡಿಲ ಇದೆ ಅಂತ ಅರ್ಥ. ಸಡಿಲ ಇರುವಾಗ ಬ್ಯಾಲೆನ್ಸ್ ಮಾಡಲು ಹೋದರೆ ಪ್ರತಿ ಓಟದಲ್ಲೂ ಫೇಸ್ ಬೇರೆ ಬೇರೆ ಬರುತ್ತದೆ, ತೂಕ ಎಲ್ಲಿ ಹಾಕಿದರೂ ಗುರಿ ಸಿಗುವುದಿಲ್ಲ.

ಹಂತ 2: ಶನಿವಾರ ರಾತ್ರಿ, ತಣ್ಣಗಾಗಲು ಬಿಡುವುದು

ಬಿಸಿ ಫ್ಯಾನನ್ನು ಒಮ್ಮೆಲೇ ನಿಲ್ಲಿಸಬಾರದು. ನಿಂತ ಶಾಫ್ಟಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಬಿಸಿಯಲ್ಲಿ ವ್ಯತ್ಯಾಸ ಬಂದು ಅದು ಸ್ವಲ್ಪ ಬಾಗುತ್ತದೆ. ಬಾಯ್ಲರಿಗೆ ಹೊಟ್ಟು ಹಾಕುವುದನ್ನು ನಿಲ್ಲಿಸಿ, ಫ್ಯಾನನ್ನು ವಿ.ಎಫ್.ಡಿ.ಯಲ್ಲಿ 15 ಹರ್ಟ್ಸ್‌ಗೆ ಇಳಿಸಿ, ಕೇಸಿಂಗಿನ ಬಿಸಿ 60 ಡಿಗ್ರಿಗಿಂತ ಕೆಳಗೆ ಬರುವ ತನಕ ಓಡಿಸಿ, ಆಮೇಲೆ ನಿಲ್ಲಿಸಿದ್ದು.

ಐಸೊಲೇಟರ್ ಆಫ್, ಫ್ಯೂಸ್ ಹೊರಗೆ, ಪ್ಯಾನಲಿಗೆ ಬೀಗ, ಬೀಗದ ಕೈ ಇಂಪೆಲ್ಲರ್ ಮುಟ್ಟುವವನ ಜೇಬಿನಲ್ಲಿ. ಡ್ಯಾಂಪರ್ (ಗಾಳಿಯ ದಾರಿಯ ಬಾಗಿಲು) ಪೂರ್ತಿ ಮುಚ್ಚಿ, ಇಂಪೆಲ್ಲರಿಗೆ ಮರದ ಬೆಣೆ. ಕರೆಂಟ್ ತೆಗೆದರೂ ಚಿಮಣಿಯ ಎಳೆತಕ್ಕೇ ಇಂಪೆಲ್ಲರ್ ತಿರುಗುತ್ತದೆ, ಬೆರಳು ಹೋಗುವುದು ಅಲ್ಲೇ.

ಹಂತ 3: ಭಾನುವಾರ ಬೆಳಿಗ್ಗೆ, ಶುಚಿ ಮತ್ತು ಪರೀಕ್ಷೆ

ವಯರ್ ಬ್ರಷ್, ಸ್ಕ್ರೇಪರ್, ಗಾಳಿ. ನೀರು ಹಾಕಬಾರದು. ಒದ್ದೆ ಬೂದಿ ಮೂಲೆಯಲ್ಲಿ ಕೂತು ಗಟ್ಟಿಯಾಗುತ್ತದೆ. ಒಟ್ಟು 1.3 ಕೆ.ಜಿ. ಬೂದಿ ಬಂತು, ಹೆಚ್ಚುಕಡಿಮೆ ಎಲ್ಲ ಬ್ಲೇಡಿನಿಂದಲೂ ಸಮವಾಗಿ. ಹಾಗಾಗಿ ಇದರಿಂದ ಇಳಿದದ್ದು ಸ್ವಲ್ಪವೇ. ತಣ್ಣನೆ ಓಟದಲ್ಲಿ ಬೇರಿಂಗ್ 1ರ ಅಡ್ಡ 11.2.

ತಣ್ಣನೆ ಓಟಕ್ಕೆ ಒಂದು ಎಚ್ಚರಿಕೆ. 170 ಡಿಗ್ರಿ ಹೊಗೆಗಿಂತ 35 ಡಿಗ್ರಿ ಗಾಳಿ ಸುಮಾರು 1.44 ಪಟ್ಟು ತೂಕದ್ದು. ಡ್ಯಾಂಪರ್ ಎಂದಿನಷ್ಟೇ ತೆರೆದರೆ ಮೋಟಾರ್ ಅಷ್ಟೇ ಪಟ್ಟು ಹೆಚ್ಚು ಎಳೆದು ಟ್ರಿಪ್ ಆಗಬಹುದು. ಎಲ್ಲ ಓಟಗಳೂ ಡ್ಯಾಂಪರ್ 20 ಶೇಕಡಾದಲ್ಲಿ, 50 ಹರ್ಟ್ಸ್‌ನಲ್ಲಿ, 38 ಆಂಪಿಯರ್ ಸುಮಾರಿನಲ್ಲಿ. ಪ್ರತಿ ಸಲವೂ ಅದೇ ವೇಗ, ಅದೇ ಡ್ಯಾಂಪರ್ ಇರಲೇಬೇಕು.

ಬ್ಲೇಡ್‌ಗಳಿಗೆ ಚಾಕ್‌ನಿಂದ ನಂಬರ್ ಹಾಕಿದ್ದು, ತಿರುಗುವ ದಿಕ್ಕಿಗೆ ಎದುರಾಗಿ 1ರಿಂದ 10. ಎರಡು ಬ್ಲೇಡ್ ನಡುವೆ 36 ಡಿಗ್ರಿ. ಬ್ಲೇಡ್ ಬುಡದ ವೆಲ್ಡಿಗೆಲ್ಲ ಬಿರುಕು ತೋರಿಸುವ ಬಣ್ಣವಾದ ಡೈ ಪೆನೆಟ್ರೆಂಟ್ ಹೊಡೆದು ನೋಡಿದಾಗ ಬಿರುಕು ಇರಲಿಲ್ಲ. ಬಿರುಕು ಇದ್ದರೆ ಬ್ಯಾಲೆನ್ಸಿಂಗ್ ಅಲ್ಲಿಗೇ ನಿಲ್ಲಿಸಬೇಕು. ಒಡೆದ ಬ್ಲೇಡಿನ ಇಂಪೆಲ್ಲರನ್ನು ತೂಕ ಕೂಡಿಸಿ ಓಡಿಸುವುದು ಪ್ರಾಣಕ್ಕೆ ಸಂಚಕಾರ.

7 ಮತ್ತು 8ನೇ ಬ್ಲೇಡಿನಲ್ಲಿ, ಶ್ರೌಡ್ (ಗಾಳಿ ಒಳಬರುವ ಕಡೆಯ ತಟ್ಟೆ) ಕಡೆಯ ತುದಿಯಲ್ಲಿ, ಹಿಂದೆ ಯಾರೋ ಹಾಕಿದ ಪ್ಯಾಚ್ ಕಂಡಿತು. ತಲಾ 45 × 40 ಮಿ.ಮೀ., 5 ಮಿ.ಮೀ. ದಪ್ಪ. ಎದುರಿನ 2 ಮತ್ತು 3ನೇ ಬ್ಲೇಡಿಗೆ ಏನೂ ಇಲ್ಲ. ಇದನ್ನು ಬರೆದಿಟ್ಟುಕೊಂಡಿದ್ದು ಮುಂದೆ ಉಪಯೋಗಕ್ಕೆ ಬಂತು.

ಡಯಲ್ ಗೇಜ್: ಹಬ್ಬಿನ ಹತ್ತಿರ ಶಾಫ್ಟ್ ತಿರುಗುವಾಗಿನ ಓಲಾಟ 0.04 ಮಿ.ಮೀ., ಬ್ಯಾಕ್ ಪ್ಲೇಟಿನ (ಹಬ್ಬಿಗೆ ಸೇರಿದ ಹಿಂದಿನ ತಟ್ಟೆ) ಅಂಚಿನಲ್ಲಿ ಆಚೀಚೆ 1.2 ಮಿ.ಮೀ. ಫ್ಯಾಬ್ರಿಕೇಟೆಡ್ ಇಂಪೆಲ್ಲರಿಗೆ ಇದು ನಡೆಯುತ್ತದೆ.

ಹಂತ 4: ಬೇರಿಂಗ್ ಮನೆಯೊಳಗೆ

ಎರಡೂ ಪ್ಲಮ್ಮರ್ ಬ್ಲಾಕಿನ ಮೇಲ್ಮುಚ್ಚಳ ತೆಗೆದಾಗ ಬೇರಿಂಗ್ ಪದೇ ಪದೇ ಹೋಗುತ್ತಿದ್ದ ಕಾರಣಗಳಲ್ಲಿ ಒಂದು ಅಲ್ಲೇ ಕೂತಿತ್ತು. ಎರಡು ಮನೆಗಳಲ್ಲೂ ಬೇರಿಂಗ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಲೊಕೇಟಿಂಗ್ ರಿಂಗ್ ಹಾಕಿದ್ದರು. ಇಂಥ ಜೋಡಣೆಯಲ್ಲಿ ಒಂದು ಬೇರಿಂಗ್ ಕಟ್ಟಿಹಾಕಿದ್ದು, ಇನ್ನೊಂದು ಜಾರಲು ಬಿಟ್ಟದ್ದು ಇರಬೇಕು. ಶಾಫ್ಟ್ ಮನೆಗಿಂತ 60 ಡಿಗ್ರಿ ಹೆಚ್ಚು ಬಿಸಿಯಾದರೆ 600 ಮಿ.ಮೀ. ಉದ್ದಕ್ಕೆ 0.43 ಮಿ.ಮೀ. ಬೆಳೆಯುತ್ತದೆ. ಜಾಗ ಇಲ್ಲದಿದ್ದರೆ ಎರಡು ಬೇರಿಂಗ್‌ಗಳೂ ಒಂದನ್ನೊಂದು ದಬ್ಬುತ್ತವೆ. ಕಪ್ಲಿಂಗ್ ಅಂತರ ಕದಲದಿರಲೆಂದು ಬೇರಿಂಗ್ 2ರ ರಿಂಗ್ ಹಾಗೇ ಬಿಟ್ಟು, ಬೇರಿಂಗ್ 1ರಿಂದ ತೆಗೆದದ್ದು. ಈಗ ಅದರ ಎರಡು ಪಕ್ಕಕ್ಕೂ 12.5 ಮಿ.ಮೀ. ಜಾಗ ಇದೆ.

ರೋಲರ್ ಮೇಲೆ ಫೀಲರ್ (ಸಂದು ಅಳೆಯುವ ತೆಳು ತಗಡು) ಹಾಕಿದಾಗ ಕ್ಲಿಯರೆನ್ಸ್ 0.06 ಮಿ.ಮೀ. ಈ ಅಳತೆಯ ಬೇರಿಂಗನ್ನು ಸ್ಲೀವ್ ಮೇಲೆ ಬಿಗಿಯುವಾಗ ಕ್ಲಿಯರೆನ್ಸ್ 0.045ರಿಂದ 0.060ರಷ್ಟು ಇಳಿಯಬೇಕು, ಉಳಿಯುವುದು 0.035ಕ್ಕಿಂತ ಕಡಿಮೆಯಾಗಬಾರದು. ಬಿಗಿತ ಸರಿ ಇತ್ತು. ಹಳೆ ಗ್ರೀಸ್ ತೆಗೆದು ಹೊಸದು, ಮನೆಯ ಖಾಲಿ ಜಾಗದ ಅರ್ಧದಷ್ಟೂ ತುಂಬದ ಹಾಗೆ. ಗಿಡಿದರೆ ಬರೀ ಬಿಸಿ.

ಹಂತ 5: ಸಡಿಲ, ಸಾಫ್ಟ್ ಫೂಟ್, ಅಲೈನ್‌ಮೆಂಟ್

ಬೇರಿಂಗ್ 1ರ ಒಂದು ಎಂ20 ಬೋಲ್ಟ್ ಸ್ಪ್ಯಾನರ್‌ಗೆ ಅರ್ಧ ಸುತ್ತು ತಿರುಗಿತು. ಅದನ್ನು ಪೂರ್ತಿ ಸಡಿಲಿಸಿದಾಗ ಕಾಲಿನ ಕೆಳಗೆ 0.15 ಮಿ.ಮೀ. ಫೀಲರ್ ಸಲೀಸಾಗಿ ಹೋಯಿತು. ಸಾಫ್ಟ್ ಫೂಟ್. ಬೋಲ್ಟ್ ಬಿಗಿಯುವುದೊಂದೇ ಪರಿಹಾರವಲ್ಲ. ಹಾಗೆ ಬಿಗಿದರೆ ಮನೆ ತಿರುಚಿಕೊಂಡು ಬೇರಿಂಗ್ ಹಿಂಡುತ್ತದೆ. ಸ್ಟೇನ್‌ಲೆಸ್ ಶಿಮ್ (ಕಾಲಿನ ಕೆಳಗೆ ಇಡುವ ತೆಳು ತಗಡು) 0.10 ಮತ್ತು 0.05 ಕೊಟ್ಟ ಮೇಲೆ 0.05ರ ಫೀಲರ್ ಕೂಡ ಹೋಗಲಿಲ್ಲ. ಟಾರ್ಕ್ ರೆಂಚ್‌ನಿಂದ 350 ನ್ಯೂಟನ್-ಮೀಟರ್.

ಕಪ್ಲಿಂಗ್ ಮೇಲೆ ಡಯಲ್ ಹಾಕಿದಾಗ ಅಕ್ಷಗಳ ಅಂತರ 0.22 ಮಿ.ಮೀ., ಎರಡು ಮುಖಗಳ ನಡುವಿನ ಓರೆ 0.15. ಮೋಟಾರ್ ಕಾಲಿಗೆ ಶಿಮ್ ಕೊಟ್ಟು 0.05 ಮತ್ತು 0.04ಕ್ಕೆ ತಂದದ್ದು. ಸವೆದ ರಬ್ಬರ್ ಬುಷ್‌ಗಳೆಲ್ಲ ಹೊಸವು. ಬುಷ್ ಬದಲಿಸುವಾಗ ಪಿನ್‌ಗಳನ್ನು ಇದ್ದ ತೂತಿಗೇ ಮರಳಿ ಹಾಕಿ.

ಮರದ ಸುತ್ತಿಗೆಯಿಂದ ಬೇರಿಂಗ್ ಮನೆಗೆ ತಟ್ಟಿ ಸ್ಪೆಕ್ಟ್ರಮ್ ನೋಡಿದಾಗ ಸಹಜ ಆವರ್ತನ 33 ಹರ್ಟ್ಸ್ ಹತ್ತಿರ. ಓಟದ ವೇಗ 24.7 ಹರ್ಟ್ಸ್. ಇವೆರಡೂ 20 ಶೇಕಡಾ ಒಳಗೆ ಬಂದಿದ್ದರೆ ಫ್ರೇಮಿಗೆ ಆನಿಕೆ ಕೊಡದೆ ಮುಂದೆ ಹೋಗುವಂತಿರಲಿಲ್ಲ.

ಈಗಿನ ಅಂಕಿ: ಬೇರಿಂಗ್ 1 ಅಡ್ಡ 8.9, ಬೇರಿಂಗ್ 2 ಅಡ್ಡ 4.4, ಬೇರಿಂಗ್ 2 ಆಕ್ಸಿಯಲ್ 5.2. 2×, 3× ಕಂಬಗಳು ಮಾಯ. ಫೇಸ್ ಎರಡು ಮೂರು ಡಿಗ್ರಿಯೊಳಗೆ ನಿಂತಿತು. ಒಂದು ಗ್ರಾಂ ತೂಕವನ್ನೂ ಹಾಕದೆ 13.8ರಿಂದ 8.9. ಇನ್ನುಳಿದದ್ದು ನಿಜವಾದ ಅಸಮತೋಲನ.

ಹಂತ 6: ಎಷ್ಟು ಉಳಿದರೆ ಸಾಕು

ಈ ವರ್ಗದ ಫ್ಯಾನಿಗೆ ಬ್ಯಾಲೆನ್ಸ್ ದರ್ಜೆ ಜಿ 6.3. ಅದರಂತೆ ಉಳಿಯಬಹುದಾದ ಅಸಮತೋಲನ 9549 × 6.3 × 180 ÷ 1480, ಅಂದರೆ ಸುಮಾರು 7,300 ಗ್ರಾಂ-ಮಿ.ಮೀ. ತೂಕ ಬೆಸೆಯುವುದು 420 ಮಿ.ಮೀ. ತ್ರಿಜ್ಯದಲ್ಲಾದ್ದರಿಂದ ಅಲ್ಲಿ ಸುಮಾರು 17 ಗ್ರಾಂ ಉಳಿದರೆ ಮಿತಿಯೊಳಗೆ.

ಹಂತ 7: ಮೊದಲ ಸುತ್ತು, ಸ್ಟಾಟಿಕ್

ಸ್ಟಾಟಿಕ್ ಎಂದರೆ ಒಂದೇ ಕಡೆ ಭಾರ ಹೆಚ್ಚಿರುವ ದೋಷ. ಬ್ಲೇಡ್ 1ರ ತುದಿಯನ್ನು 0 ಡಿಗ್ರಿ ಎಂದು ಇಟ್ಟುಕೊಂಡು, ಕೋನಗಳನ್ನೆಲ್ಲ ತಿರುಗುವ ದಿಕ್ಕಿಗೆ ಎದುರಾಗಿ ಎಣಿಸಿದ್ದು. ನಮ್ಮ ಅನಾಲೈಜರ್ ಫೇಸನ್ನೂ ಹಾಗೆಯೇ ತೋರಿಸುತ್ತದೆ. ಬೇರೆ ಯಂತ್ರವಾದರೆ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ದಿಕ್ಕು ತಲೆಕೆಳಗಾದರೆ 42 ಡಿಗ್ರಿ ಹೋಗಿ 318 ಆಗುತ್ತದೆ, ಕಂಪನ ಏರುತ್ತದೆ.

ಮೊದಲ ಓಟ, ಬೇರಿಂಗ್ 1 ಅಡ್ಡ, 1× ಮಾತ್ರ: 8.6, ಫೇಸ್ 62 ಡಿಗ್ರಿ.

ಟ್ರಯಲ್ ತೂಕಕ್ಕೆ (ಪರಿಣಾಮ ನೋಡಲು ತಾತ್ಕಾಲಿಕವಾಗಿ ಹಾಕುವ ತುಂಡು) ರೂಢಿಯ ಲೆಕ್ಕ ಎಂದರೆ ಅದರ ಎಳೆತ ರೋಟರ್ ತೂಕದ 10 ಶೇಕಡಾ ಇರಬೇಕು. ಇಲ್ಲಿ 18 ಕೆ.ಜಿ. ಎಳೆತಕ್ಕೆ 420 ಮಿ.ಮೀ.ನಲ್ಲಿ 18 ಗ್ರಾಂ ಸಾಕು. 20 ಗ್ರಾಂ ತುಂಡನ್ನು ಬ್ಯಾಕ್ ಪ್ಲೇಟಿನ 0 ಡಿಗ್ರಿಯಲ್ಲಿ ಬೆಸೆದು ಓಡಿಸಿದಾಗ 7.5, ಫೇಸ್ 70 ಡಿಗ್ರಿ. ಪ್ರಮಾಣದಲ್ಲಿ 13 ಶೇಕಡಾ, ಕೋನದಲ್ಲಿ 8 ಡಿಗ್ರಿ ಬದಲಾವಣೆ. ಇದು ಸಾಲದು. ಒಂದೋ ಪ್ರಮಾಣ 30 ಶೇಕಡಾ ಬದಲಾಗಬೇಕು, ಇಲ್ಲವೇ ಫೇಸ್ 30 ಡಿಗ್ರಿ ತಿರುಗಬೇಕು. ಇಷ್ಟು ಸಣ್ಣ ಬದಲಾವಣೆಯ ಮೇಲೆ ಲೆಕ್ಕ ಹಾಕಿದರೆ ಫೇಸಿನ ಎರಡು ಡಿಗ್ರಿ ಅಲುಗಾಟವೇ ಉತ್ತರವನ್ನು ಹತ್ತಿಪ್ಪತ್ತು ಡಿಗ್ರಿ ದಾರಿ ತಪ್ಪಿಸುತ್ತದೆ. 10 ಶೇಕಡಾ ಲೆಕ್ಕದಿಂದ ಶುರು ಮಾಡುವುದು ಸುರಕ್ಷಿತ, ಯಾಕೆಂದರೆ ಅಕಸ್ಮಾತ್ ಭಾರ ಇರುವ ಕಡೆಗೇ ತೂಕ ಬಿದ್ದರೂ ಅನಾಹುತವಾಗದು. ಆದರೆ ಅದಕ್ಕೇ ಅಂಟಿಕೊಳ್ಳಬಾರದು.

20 ಗ್ರಾಂ ತೆಗೆದು ಅದೇ ಜಾಗದಲ್ಲಿ 60 ಗ್ರಾಂ, ಅಂದರೆ 8 ಮಿ.ಮೀ. ಪ್ಲೇಟಿನ 40 × 24 ತುಂಡು. 20 ಗ್ರಾಂ ಹಾಕಿದಾಗ ಕಂಪನ ಇಳಿದಿದ್ದರಿಂದ ಈ ಕಡೆ ಹೆಚ್ಚಿಸುವುದಕ್ಕೆ ಭಯವಿರಲಿಲ್ಲ. ಓಟದಲ್ಲಿ ಬಂದದ್ದು 6.1, ಫೇಸ್ 92 ಡಿಗ್ರಿ. 29 ಶೇಕಡಾ, 30 ಡಿಗ್ರಿ. ಇದು ಲೆಕ್ಕಕ್ಕೆ ಯೋಗ್ಯ.

ಅನಾಲೈಜರ್ ಉತ್ತರ ಕೊಡುತ್ತದೆ. ಆದರೂ ಗ್ರಾಫ್ ಹಾಳೆಯಲ್ಲಿ ಒಮ್ಮೆ ಗೆರೆ ಎಳೆದು ನೋಡುವುದು ಒಳ್ಳೆಯದು. 1 ಸೆ.ಮೀ.ಗೆ 1 ಮಿ.ಮೀ./ಸೆಕೆಂಡ್ ಅಳತೆಯಲ್ಲಿ 62 ಡಿಗ್ರಿಗೆ 8.6 ಸೆ.ಮೀ. ಗೆರೆ, 92 ಡಿಗ್ರಿಗೆ 6.1 ಸೆ.ಮೀ. ಗೆರೆ. ಮೊದಲ ತುದಿಯಿಂದ ಎರಡನೇ ತುದಿಗೆ ಎಳೆದ ಗೆರೆ 4.5 ಸೆ.ಮೀ. ಬಂತು, ಅದರ ದಿಕ್ಕು 200 ಡಿಗ್ರಿ. 60 ಗ್ರಾಂ ಮಾಡಿದ ಪರಿಣಾಮ ಅದು. ನಮಗೆ ಬೇಕಾದದ್ದು 8.6ನ್ನು ಅಳಿಸುವ ಪರಿಣಾಮ, ಅಂದರೆ 242 ಡಿಗ್ರಿ ದಿಕ್ಕಿಗೆ 8.6. ತೂಕ 60 × 8.6 ÷ 4.5, ಸುಮಾರು 115 ಗ್ರಾಂ. ಜಾಗ 242 ಕಳೆ 200, ಅಂದರೆ 42 ಡಿಗ್ರಿ.

ಕೋನ ಹಿಡಿಯಲು ಪ್ರೊಟ್ರಾಕ್ಟರ್ ಬೇಡ. 900 ಮಿ.ಮೀ. ವ್ಯಾಸದ ಸುತ್ತಳತೆ 2,827 ಮಿ.ಮೀ., ಒಂದು ಡಿಗ್ರಿಗೆ 7.85 ಮಿ.ಮೀ. ಅಂಚಿನ ಮೇಲೆ ಟೇಪ್ ಹಿಡಿದು 330 ಮಿ.ಮೀ. ಅಳೆದರೆ ಅದೇ 42 ಡಿಗ್ರಿ.

60 ಗ್ರಾಂ ತೆಗೆದು, 115 ಗ್ರಾಂ ಅಲ್ಲಿಗೆ. ಫಲಿತಾಂಶ:

ಬೇರಿಂಗ್ 1 ಅಡ್ಡ, 1×: 1.3
ಬೇರಿಂಗ್ 2 ಅಡ್ಡ, 1×: 3.3, ಫೇಸ್ 310 ಡಿಗ್ರಿ
ಬೇರಿಂಗ್ 2 ಆಕ್ಸಿಯಲ್: 4.1

ಬೇರಿಂಗ್ 1 ನೋಡಿದರೆ ಕೆಲಸ ಮುಗಿಯಿತು ಅನ್ನಿಸುತ್ತದೆ. 4.5ರ ಮಿತಿಗೂ ಎಲ್ಲ ಅಂಕಿ ಒಳಗೇ ಇವೆ. ಆದರೆ ಬೇರಿಂಗ್ 1 ಇಷ್ಟು ಇಳಿದಾಗ ಬೇರಿಂಗ್ 2 ಕೂಡ ಅದೇ ಪ್ರಮಾಣದಲ್ಲಿ ಇಳಿಯಬೇಕಿತ್ತು. 4.4 ಇದ್ದದ್ದು 3.3ಕ್ಕೆ ಬಂದು ನಿಂತಿದೆ, ಆಕ್ಸಿಯಲ್ 5.2ರಿಂದ 4.1. ಇಂಪೆಲ್ಲರ್ ಸುತ್ತುತ್ತಲೇ ತಲೆ ಆಡಿಸುತ್ತಿದೆ ಎಂಬುದಕ್ಕೆ ಇದು ಸಾಕ್ಷಿ. ಬ್ಯಾಕ್ ಪ್ಲೇಟಿನಲ್ಲಿ ಹಾಕಿದ ತೂಕ ನಿಜವಾದ ಭಾರದ ಎದುರಿಗೇನೋ ಇದೆ, ಆದರೆ ಅದರ ಸಮತಲದಲ್ಲಿಲ್ಲ. ಬೂದಿ ಸ್ವಲ್ಪ ಅಂಟಿದ ಕೂಡಲೇ ಇಂಥ ಫ್ಯಾನ್ ಮತ್ತೆ 7 ದಾಟುತ್ತದೆ.

ಹಂತ 8: ಎರಡನೇ ಸುತ್ತು, ಕಪಲ್

ಈಗ ಕಣ್ಣು ಬೇರಿಂಗ್ 2ರ ಮೇಲೆ. ಕಪಲ್ ಎಂದರೆ ಎರಡು ತಟ್ಟೆಗಳಲ್ಲಿ ಭಾರ ಎದುರುಬದುರಾಗಿದ್ದು ಇಂಪೆಲ್ಲರ್ ತಲೆ ಆಡಿಸುವ ದೋಷ. ತೂಕ ಜೋಡಿಯಾಗಿ ಹೋಗಬೇಕು, ಶ್ರೌಡ್ ಮೇಲೆ ಒಂದು, ಬ್ಯಾಕ್ ಪ್ಲೇಟ್ ಮೇಲೆ ಸರಿಯಾಗಿ 180 ಡಿಗ್ರಿ ಎದುರಿಗೆ ಅಷ್ಟೇ ತೂಕದ ಇನ್ನೊಂದು. ಎರಡೂ ಸಮ ಇರುವುದರಿಂದ ಸ್ಟಾಟಿಕ್ ಕೆಡುವುದಿಲ್ಲ, ತಲೆ ಆಡಿಸುವುದಕ್ಕೆ ಮಾತ್ರ ತಡೆ ಬೀಳುತ್ತದೆ. ತಕ್ಕಡಿಯಲ್ಲಿ ಎರಡನ್ನೂ ತೂಗಿ ಒಂದು ಗ್ರಾಂ ಒಳಗೆ ಉಜ್ಜಿ ಸರಿ ಮಾಡಿ. ಅಕ್ಕಸಾಲಿಗರ ಅಥವಾ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ಟ್ರಯಲ್: ಶ್ರೌಡ್ 0 ಡಿಗ್ರಿಯಲ್ಲಿ 70 ಗ್ರಾಂ, ಬ್ಯಾಕ್ ಪ್ಲೇಟ್ 180 ಡಿಗ್ರಿಯಲ್ಲಿ 70 ಗ್ರಾಂ. 115 ಗ್ರಾಂ ಇದ್ದಲ್ಲೇ ಇದೆ. ಬೇರಿಂಗ್ 2 ಅಡ್ಡ 2.7, ಫೇಸ್ 349 ಡಿಗ್ರಿ. ಪ್ರಮಾಣ 18 ಶೇಕಡಾ ಮಾತ್ರ ಬದಲಾದರೂ ಫೇಸ್ 39 ಡಿಗ್ರಿ ತಿರುಗಿದೆ, ಲೆಕ್ಕಕ್ಕೆ ಸಾಕು. ಗೆರೆ ಎಳೆದಾಗ ಪರಿಣಾಮ 2.1, ದಿಕ್ಕು 75 ಡಿಗ್ರಿ. ಬೇಕಾದದ್ದು 3.3, ದಿಕ್ಕು 130 ಡಿಗ್ರಿ. ಹಾಗಾಗಿ 110 ಗ್ರಾಂ, ಶ್ರೌಡ್‌ನಲ್ಲಿ 55 ಡಿಗ್ರಿಗೆ, ಬ್ಯಾಕ್ ಪ್ಲೇಟಿನಲ್ಲಿ 235 ಡಿಗ್ರಿಗೆ.

ಇಲ್ಲಿ ತುಸು ನಿಲ್ಲಬೇಕು. ಬ್ಯಾಕ್ ಪ್ಲೇಟಿನಲ್ಲಿ ಈಗಾಗಲೇ 42 ಡಿಗ್ರಿಯಲ್ಲಿ 115 ಗ್ರಾಂ ಇದೆ. ಅದಕ್ಕೆ ಹೆಚ್ಚುಕಡಿಮೆ ಎದುರಿಗೆ 235ರಲ್ಲಿ 110 ಗ್ರಾಂ ಬೆಸೆದರೆ ಎರಡೂ ಒಂದನ್ನೊಂದು ಅಳಿಸುತ್ತವೆ, ಇಂಪೆಲ್ಲರಿಗೆ ಸುಮ್ಮನೆ ಕಾಲು ಕೆ.ಜಿ.ಯಷ್ಟು ಹೊರೆ. ಎರಡನ್ನೂ ವೆಕ್ಟರ್ ಆಗಿ ಕೂಡಿದರೆ ಬರುವುದು 330 ಡಿಗ್ರಿಯಲ್ಲಿ 26 ಗ್ರಾಂ ಮಾತ್ರ. ಅಂದರೆ ಕೊನೆಯ ಉತ್ತರ:

ಶ್ರೌಡ್: 110 ಗ್ರಾಂ, 55 ಡಿಗ್ರಿ, ಅಂಚಿನ ಮೇಲೆ 432 ಮಿ.ಮೀ.
ಬ್ಯಾಕ್ ಪ್ಲೇಟ್: 26 ಗ್ರಾಂ, 330 ಡಿಗ್ರಿ, ಅಂದರೆ ತಿರುಗುವ ದಿಕ್ಕಿಗೆ 236 ಮಿ.ಮೀ.

ಶ್ರೌಡ್‌ನ 55 ಡಿಗ್ರಿ ಎಂದರೆ 2 ಮತ್ತು 3ನೇ ಬ್ಲೇಡಿನ ನಡುವೆ. ಅದರ ನೇರ ಎದುರಿಗೆ 7 ಮತ್ತು 8ನೇ ಬ್ಲೇಡಿನ ಹಳೆಯ ಪ್ಯಾಚ್. ಒಂದೊಂದು ಪ್ಯಾಚ್ ಸುಮಾರು 70 ಗ್ರಾಂ, ಕೂತಿರುವುದು 335 ಮಿ.ಮೀ. ತ್ರಿಜ್ಯದಲ್ಲಿ. ಎರಡೂ ಸೇರಿ ಸುಮಾರು 45,000 ಗ್ರಾಂ-ಮಿ.ಮೀ. ನಾವು ಶ್ರೌಡ್‌ಗೆ ಹಾಕುತ್ತಿರುವುದು 110 × 420, ಅಂದರೆ 46,200. ಇಡೀ ದಿನದ ಅಳತೆ ಕೊನೆಗೆ ಬೊಟ್ಟು ಮಾಡಿದ್ದು ಆ ಎರಡು ಪ್ಯಾಚ್‌ಗಳನ್ನೇ. ಬ್ಲೇಡಿಗೆ ಪ್ಯಾಚ್ ಹಾಕುವ ವೆಲ್ಡರ್‌ಗಳಿಗೆ ಇದನ್ನು ಗಟ್ಟಿಯಾಗಿ ಹೇಳಲೇಬೇಕು: 10 ಬ್ಲೇಡಿನ ಇಂಪೆಲ್ಲರಿನಲ್ಲಿ 7ಕ್ಕೆ ಪ್ಯಾಚ್ ಹಾಕಿದರೆ 2ಕ್ಕೂ, 8ಕ್ಕೆ ಹಾಕಿದರೆ 3ಕ್ಕೂ, ಅದೇ ಅಳತೆಯದು, ಅದೇ ತ್ರಿಜ್ಯದಲ್ಲಿ, ಅದೇ ಪಕ್ಕಕ್ಕೆ ಬೀಳಬೇಕು. ಎದುರಿನ ಬ್ಲೇಡ್ ಸವೆದಿರಲಿ ಬಿಡಲಿ.

ಹಂತ 9: ಬೆಸುಗೆ

ಟ್ರಯಲ್ ತೂಕವೂ ಬೆಸೆದೇ ಇರಬೇಕು. ಕ್ಲಿಪ್, ಮ್ಯಾಗ್ನೆಟ್, ತಂತಿ ಯಾವುದೂ ಬೇಡ. 60 ಗ್ರಾಂ ತುಂಡು 1480 ಆರ್‌ಪಿಎಂನಲ್ಲಿ 62 ಕೆ.ಜಿ. ಬಲದಿಂದ ಹೊರಗೆ ಎಳೆಯುತ್ತದೆ, 110 ಗ್ರಾಂ ತುಂಡು 113 ಕೆ.ಜಿ. ಟ್ರಯಲ್‌ಗೆ ಎರಡು ಕಡೆ 15 ಮಿ.ಮೀ. ಟ್ಯಾಕ್ (ತುಂಡು ಬೆಸುಗೆ), ಕೊನೆಯದಕ್ಕೆ ಸುತ್ತಲೂ ಪೂರ್ತಿ ಫಿಲೆಟ್ ಬೆಸುಗೆ. ಓಟದ ಸಮಯದಲ್ಲಿ ಕೇಸಿಂಗ್ ಬಾಗಿಲು ಮುಚ್ಚಿ ಬೋಲ್ಟ್ ಬಿಗಿದಿರಬೇಕು, ಇಂಪೆಲ್ಲರಿನ ನೇರಕ್ಕೆ ಯಾರೂ ನಿಲ್ಲಬಾರದು.

ಅರ್ತ್ ಕ್ಲ್ಯಾಂಪ್ ಇಂಪೆಲ್ಲರಿಗೇ ಕಚ್ಚಬೇಕು. ಬೇಸ್ ಫ್ರೇಮಿಗೆ ಹಾಕಿದರೆ ವೆಲ್ಡಿಂಗ್ ಕರೆಂಟ್ ಬೇರಿಂಗ್ ಮೂಲಕ ಹರಿದು ರೋಲರ್ ಮೇಲೆ ಚುಕ್ಕೆ ಸುಡುತ್ತದೆ. ಕಂಪನ ಇಳಿಸಲು ಬಂದು ಬೇರಿಂಗ್ ಕೊಂದ ಹಾಗಾಗುತ್ತದೆ. ವೆಲ್ಡಿಂಗ್ ಮುಗಿಯುವ ತನಕ ಸೆನ್ಸರ್ ವಯರ್‌ಗಳೂ ಬಿಚ್ಚಿರಲಿ.

ರಾಡ್ 7018, 3.15 ಮಿ.ಮೀ. ಬೆಸುಗೆಯ ಲೋಹವೂ ತೂಕವೇ. 110 ಗ್ರಾಂ ಬೇಕಾದಲ್ಲಿ 8 ಮಿ.ಮೀ. ಪ್ಲೇಟಿನಿಂದ 40 × 42 ತುಂಡು, ಅಂದರೆ 105 ಗ್ರಾಂ ಚಿಲ್ಲರೆ, ಉಳಿದದ್ದು ರಾಡಿನದು. ಹಾಕಿದ ಟ್ರಯಲ್ ತುಂಡುಗಳನ್ನೆಲ್ಲ, ಮೊದಲ ಸುತ್ತಿನ 115 ಗ್ರಾಂ ಸಹ, ಕಟ್ಟಿಂಗ್ ವೀಲ್‌ನಿಂದ ತೆಗೆದು ಜಾಗವನ್ನು ನೆಲಸಮ ಉಜ್ಜಿದ್ದು. ತೆಗೆದ ತುಂಡುಗಳನ್ನು ಎಣಿಸಿ ಕೇಸಿಂಗ್ ಮುಚ್ಚಿ. ಒಳಗೆ ಉಳಿದ ಒಂದು ತುಂಡು ಬ್ಲೇಡಿಗೆ ಬಡಿದರೆ ಎಲ್ಲ ಮೊದಲಿನಿಂದ. ಶ್ರೌಡ್ ಮೇಲಿನ ತೂಕ ಇನ್‌ಲೆಟ್ ಕೋನಿಗೆ, ಬ್ಯಾಕ್ ಪ್ಲೇಟಿನದು ಕೇಸಿಂಗ್ ಗೋಡೆಗೆ ತಾಗುವುದಿಲ್ಲವೇ ಎಂದು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಬೇಕು.

ಹಂತ 10: ಭಾನುವಾರ ಸಂಜೆ, ಫಲಿತಾಂಶ

ತಣ್ಣನೆ ಓಟ:
ಬೇರಿಂಗ್ 1: ಅಡ್ಡ 1.4, ಲಂಬ 0.9, ಆಕ್ಸಿಯಲ್ 1.1
ಬೇರಿಂಗ್ 2: ಅಡ್ಡ 1.0, ಲಂಬ 0.7, ಆಕ್ಸಿಯಲ್ 1.2

ಬೇರಿಂಗ್ 1 ಅಡ್ಡದ 1× ಪಾಲು 1.1. ಈ ಫ್ಯಾನ್ ಒಂದು ಗ್ರಾಂಗೆ 0.075 ಕದಲುತ್ತದೆ ಎಂದು 60 ಗ್ರಾಂ ಟ್ರಯಲ್‌ನಿಂದ ಗೊತ್ತಿದೆ. ಹಾಗಾಗಿ ಉಳಿದಿರುವುದು ಸುಮಾರು 15 ಗ್ರಾಂ, 420ರಲ್ಲಿ 6,200 ಗ್ರಾಂ-ಮಿ.ಮೀ. 7,300ರ ಒಳಗೆ ಬಂತು. ಇನ್ನೂ ಇಳಿಸಲು ಹೋಗುವುದರಲ್ಲಿ ಅರ್ಥವಿಲ್ಲ, ವಾರದ ಬೂದಿ ಅದನ್ನು ನುಂಗುತ್ತದೆ.

ಬಾಯ್ಲರ್ ಹಚ್ಚಿ, ಹೊಗೆ 168 ಡಿಗ್ರಿಗೆ ಬಂದು ನಾಲ್ಕು ಗಂಟೆ ಓಡಿದ ಮೇಲೆ ಬೇರಿಂಗ್ 1 ಅಡ್ಡ 1.9, ಬೇರಿಂಗ್ 2 ಆಕ್ಸಿಯಲ್ 1.5, ಬೇರಿಂಗ್ 1ರ ಬಿಸಿ 62 ಡಿಗ್ರಿ, ಮೋಟಾರ್ 46 ಆಂಪಿಯರ್.

ಖರ್ಚು: ಅನಾಲೈಜರ್ ಬಾಡಿಗೆ 6,000, ವೆಲ್ಡರ್ ಮತ್ತು ಸಹಾಯಕನ ಕೂಲಿ 2,800, ಸ್ಟೇನ್‌ಲೆಸ್ ಶಿಮ್ 1,400, ಕಪ್ಲಿಂಗ್ ಬುಷ್ 900, ಗ್ರೀಸ್ 650, ರಾಡ್, ಕಟ್ಟಿಂಗ್ ವೀಲ್, ಡೈ ಪೆನೆಟ್ರೆಂಟ್ ಸೇರಿ 1,300. ಒಟ್ಟು 13,050 ರೂಪಾಯಿ. ಸುಮ್ಮನೆ ಬದಲಿಸಿದ ಎರಡು ಬೇರಿಂಗ್‌ಗಳ ಬೆಲೆ ಇದಕ್ಕಿಂತ ಹೆಚ್ಚು.

ಮುಂದಿನವರಿಗೆ ಬಿಟ್ಟದ್ದು

ಕೇಸಿಂಗ್ ಬಾಗಿಲಿನ ಒಳಮೈಗೆ ಬಿಸಿ ತಡೆಯುವ ಬಣ್ಣದಲ್ಲಿ ಬರೆದಿರುವುದು: ಟೇಪ್ ಇದ್ದ ಜಾಗ, ಟ್ಯಾಕೋ ಮತ್ತು ಸೆನ್ಸರ್ ಇಟ್ಟ ಬದಿ, ಬ್ಲೇಡ್ 1ರ ಗುರುತು. ಸ್ಟಾಟಿಕ್‌ಗೆ ಗ್ರಾಂಗೆ 0.075, ಕೋನ 200. ಕಪಲ್‌ಗೆ ಗ್ರಾಂಗೆ 0.03, ಕೋನ 75. ಟೇಪಿನ ಜಾಗದಲ್ಲಿ ಶಾಫ್ಟಿಗೆ ಸೆಂಟರ್ ಪಂಚ್ ಗುರುತೂ ಇದೆ. ಸೆನ್ಸರ್, ಟ್ಯಾಕೋ, ಟೇಪ್ ಅದೇ ಜಾಗದಲ್ಲಿ, ವೇಗ ಅದೇ 1480 ಇದ್ದರೆ ಮುಂದಿನ ಸಲ ಟ್ರಯಲ್ ಓಟವೇ ಬೇಡ. ಬೇರಿಂಗ್ 1ರಲ್ಲಿ ಬಂದ ಅಂಕಿಯನ್ನು 0.075ರಿಂದ ಭಾಗಿಸಿದರೆ ಗ್ರಾಂ, ಫೇಸಿಗೆ 180 ಕೂಡಿ 200 ಕಳೆದರೆ ಜಾಗ. ಬೇರಿಂಗ್ 2ಕ್ಕೂ ಹಾಗೆಯೇ, 0.03 ಮತ್ತು 75 ಇಟ್ಟುಕೊಂಡು. ಬೇರಿಂಗ್, ಫೌಂಡೇಶನ್ ಅಥವಾ ಇಂಪೆಲ್ಲರ್ ಬದಲಾದರೆ ಮಾತ್ರ ಈ ಅಂಕಿಗಳನ್ನು ಉಜ್ಜಿ ಹಾಕಿ ಹೊಸದಾಗಿ ತೆಗೆಯಬೇಕು.